ಕೈಗೆ ಒಗ್ಗುವ ಕೆಮರಾ

ಬಳಸಿದಷ್ಟೂ ಕೈಗೆ ಹತ್ತಿರವಾಗುವ ಉಪಕರಣಗಳು ಕೆಲವು. ಕೊಂಡ ದಿನ ಮೆರೆದು, ಆಮೇಲೆ ಬೀರುವಿನಲ್ಲಿ ಮಲಗುವ ಉಪಕರಣಗಳು ಹಲವು. ಕೆಮರಾ ಎಂಬ ಯಂತ್ರವು ಈ ಎರಡನೆಯ ಗುಂಪಿಗೆ ಸೇರಿಹೋಗುವುದು ಬಹು ಸುಲಭ. ಮಗಳು ಪರೀಕ್ಷೆಯಲ್ಲಿ ತೇರ್ಗಡೆಯಾದಳೆಂಬ ಸಂತೋಷದಿಂದ ತಂದೆಯು ಅಂಗಡಿಯಲ್ಲಿದ್ದವುಗಳಲ್ಲೆಲ್ಲ ದೊಡ್ಡದಾದ ಕೆಮರಾವನ್ನು ಕೊಂಡು ತರುತ್ತಾನೆ. ಮಗಳು ಅದನ್ನೆತ್ತಿ ಕಣ್ಣಿಗೆ ಹಿಡಿಯುತ್ತಾಳೆ. ತೋರುಬೆರಳು ಗುಂಡಿಗೆ ಎಟುಕುವುದಿಲ್ಲ, ಮಣಿಕಟ್ಟು ಸೋಲುತ್ತದೆ, ಚಿತ್ರವು ಅಲುಗಿ ಮಸುಕಾಗುತ್ತದೆ. ನಾಲ್ಕು ದಿನಗಳಾದ ಬಳಿಕ, “ಇದು ನನ್ನಿಂದಾಗುವ ವಿದ್ಯೆಯಲ್ಲ” ಎಂದು ಅಣ್ಣನ ಕೈಗೆ ಒಪ್ಪಿಸಿಬಿಡುತ್ತಾಳೆ. ಇಲ್ಲಿ ಕುಂದು ವಿದ್ಯೆಯದೂ ಅಲ್ಲ, ಹುಡುಗಿಯದೂ ಅಲ್ಲ. ಯಂತ್ರವನ್ನು ಆರಿಸಿದ ರೀತಿಯದು.

ಈ ನಷ್ಟವು ಹಣದ ನಷ್ಟವಷ್ಟೇ ಆಗಿದ್ದರೆ ಅದನ್ನು ಕುರಿತು ಬರೆಯುವ ಅಗತ್ಯವಿರಲಿಲ್ಲ. ನಮ್ಮ ಮನೆಗಳಲ್ಲಿರುವ ಹಳೆಯ ಚಿತ್ರಸಂಪುಟಗಳನ್ನು ತೆರೆದು ನೋಡಿರಿ. ತಾಯಂದಿರು ಚಿತ್ರಗಳಲ್ಲಿ ಕಾಣಿಸುವರು. ಆದರೆ ತಾಯಂದಿರು ತೆಗೆದ ಚಿತ್ರಗಳು ಎಷ್ಟಿವೆ? ಮಗು ಮೊದಲ ಸಾರಿ ಹೊಸಿಲು ದಾಟಿದ ಗಳಿಗೆ, ಅಜ್ಜಿಯು ಹಿತ್ತಲಲ್ಲಿ ಹೂ ಬಿಡಿಸುತ್ತಿದ್ದ ಬೆಳಗು, ಸಂಜೆಯ ದೀಪದ ಬಳಿ ಓದುತ್ತ ತೂಕಡಿಸಿದ ಮಕ್ಕಳು, ಇವನ್ನೆಲ್ಲ ಕಣ್ಣಾರೆ ಕಂಡವರು ಮನೆಯ ಹೆಂಗಸರು. ಅವರ ಕೈಗೆ ಒಗ್ಗುವಂಥ ಕೆಮರಾ ಇಲ್ಲದೆ ಹೋದುದರಿಂದ ಆ ನೋಟಗಳು ಅವರ ನೆನಪಿನೊಡನೆಯೇ ಅಳಿದುಹೋದವು. ಆದಕಾರಣ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ, ಮಕ್ಕಳಿಗಾಗಿ ಕೆಮರಾ ಕೊಳ್ಳಬೇಕೆಂದಿರುವ ಪೋಷಕರಿಗೂ ಉಪಯೋಗವಾಗಲೆಂದು, ಹಿಡಿಯಲು ಹಿತವಾದ, ಬಳಸಲು ಸುಲಭವಾದ ಕೆಮರಾವನ್ನು ಆರಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

೧. ಸೌಲಭ್ಯವೇ ಈ ವಿದ್ಯೆಯನ್ನು ಹರಡಿತು

ಸುಲಭವಾದ ಕೆಮರಾವು ಕಲಿಯದವರ ಆಟಿಕೆಯೆಂದು ಕೆಲವರು ತಿಳಿಯುವುದುಂಟು. ಛಾಯಾಚಿತ್ರಣದ ಚರಿತ್ರೆಯನ್ನು ನೋಡಿದರೆ ಈ ಎಣಿಕೆ ನಿಲ್ಲುವುದಿಲ್ಲ. ಕಲಕತ್ತೆಯಲ್ಲಿ ೧೮೧೫ರಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕೆಮರನ್ ಎಂಬ ಮಹಿಳೆಗೆ ೧೮೬೩ರಲ್ಲಿ ಆಕೆಯ ಮಗಳೂ ಅಳಿಯನೂ ಒಂದು ಕೆಮರಾವನ್ನು ಕಾಣಿಕೆಯಾಗಿ ಕೊಟ್ಟರು. ಆಗ ಆಕೆಗೆ ೪೮ ವಯಸ್ಸು. ಮರದ ದೊಡ್ಡ ಪೆಟ್ಟಿಗೆ, ಗಾಜಿನ ಹಲಗೆ, ಕೈಗೆ ಕಲೆಹಚ್ಚುವ ರಾಸಾಯನಿಕ ದ್ರವ, ಇವೆಲ್ಲವನ್ನೂ ಸಹಿಸಿಕೊಂಡು ಆಕೆಯು ಲೋಕಪ್ರಸಿದ್ಧವಾದ ಮುಖಚಿತ್ರಗಳನ್ನು ತೆಗೆದಳು. ಆದರೆ ಅಂಥ ಬಿಡುವೂ ಅಂಥ ಅನುಕೂಲವೂ ಎಷ್ಟು ಮಂದಿಗೆ ಉಂಟು?

ಅಮೆರಿಕೆಯ ಜಾರ್ಜ್ ಈಸ್ಟ್‌ಮನ್ ಎಂಬಾತನು ೧೮೮೮ರಲ್ಲಿ ಕೊಡಾಕ್ ಕೆಮರಾವನ್ನು ಮಾರಾಟಕ್ಕೆ ತಂದನು. ಅದರ ಬೆಲೆ ೨೫ ಡಾಲರು. ೧೦೦ ಚಿತ್ರಗಳಿಗೆ ಸಾಲುವ ಸುರುಳಿಯು ಮೊದಲೇ ಒಳಗಿರುತ್ತಿತ್ತು. ದಾರವನ್ನೆಳೆಯುವುದು, ಗುಂಡಿಯನ್ನೊತ್ತುವುದು, ಕೀಲಿಯನ್ನು ತಿರುಗಿಸುವುದು, ಇಷ್ಟೇ ಬಳಸುವವರ ಕೆಲಸ. ಸುರುಳಿ ಮುಗಿದ ಮೇಲೆ ಕೆಮರಾವನ್ನೇ ರಾಚೆಸ್ಟರ್ ಪಟ್ಟಣದ ಕಾರ್ಖಾನೆಗೆ ಕಳುಹಿಸಿದರೆ, ಚಿತ್ರಗಳನ್ನು ಅಚ್ಚುಮಾಡಿ, ಹೊಸ ಸುರುಳಿಯನ್ನು ತುಂಬಿ ಹಿಂದಕ್ಕೆ ಕೊಡುತ್ತಿದ್ದರು. ೧೯೦೦ರಲ್ಲಿ ಅದೇ ಕಂಪೆನಿಯು ಬ್ರೌನಿ ಎಂಬ ರಟ್ಟಿನ ಪೆಟ್ಟಿಗೆಯ ಕೆಮರಾವನ್ನು ಒಂದೇ ಡಾಲರಿಗೆ ಮಾರಿತು. ಮಕ್ಕಳೂ ಚಿತ್ರ ತೆಗೆಯತೊಡಗಿದರು.

ಮತ್ತೊಂದು ನಿದರ್ಶನವು ಇನ್ನೂ ಮನಮುಟ್ಟುವಂಥದು. ಜರ್ಮನಿಯ ವೆಟ್ಸ್‌ಲರ್ ಊರಿನ ಲೈಟ್ಸ್ ಕಾರ್ಖಾನೆಯಲ್ಲಿ ಓಸ್ಕರ್ ಬಾರ್ನಾಕ್ ಎಂಬ ಕುಶಲಕರ್ಮಿಯಿದ್ದನು. ಆತನಿಗೆ ಉಬ್ಬಸದ ಬಾಧೆ. ಗಾಜಿನ ಹಲಗೆಗಳ ಭಾರವಾದ ಕೆಮರಾವನ್ನು ಹೊತ್ತು ಬೆಟ್ಟಗುಡ್ಡಗಳನ್ನು ಹತ್ತುವುದು ಆತನಿಂದಾಗುತ್ತಿರಲಿಲ್ಲ. ಆದುದರಿಂದ ಚಲಚ್ಚಿತ್ರದ ಕಿರಿಯ ಫಿಲ್ಮನ್ನು ಬಳಸುವ, ಅಂಗಿಯ ಜೇಬಿನೊಳಕ್ಕೆ ಸೇರಬಹುದಾದಷ್ಟು ಸಣ್ಣ ಕೆಮರಾವನ್ನು ೧೯೧೪ರ ಹೊತ್ತಿಗೆ ತಾನೇ ಮಾಡಿಕೊಂಡನು. ಅದೇ ಮುಂದೆ ೧೯೨೫ರಲ್ಲಿ ಲೈಕಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದು, ಪತ್ರಿಕೆಗಳ ಚಿತ್ರಣದ ರೀತಿಯನ್ನೇ ಬದಲಿಸಿತು. ನೋಡಿದಿರಾ, ಒಬ್ಬ ದುರ್ಬಲ ದೇಹದವನ ಅನುಕೂಲಕ್ಕಾಗಿ ಹುಟ್ಟಿದ ಯಂತ್ರವು ಬಲಿಷ್ಠರೆಲ್ಲರಿಗೂ ಮೆಚ್ಚಿಗೆಯಾಯಿತು. “ನನ್ನ ಕೈಗೆ ಇದು ಭಾರ” ಎಂದು ಅಂಗಡಿಯಲ್ಲಿ ಹೇಳುವುದಕ್ಕೆ ಯಾರೂ ನಾಚಬೇಕಾದುದಿಲ್ಲ.

೨. ಈಗ ದೊರೆಯುವ ಬಗೆಗಳು

ಇಂದು ಕೆಮರಾಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಎಲ್ಲರ ಬಳಿಯೂ ಇರುವ ಮೊಬೈಲ್ ಫೋನು. ಅದರ ತೂಕ ಸುಮಾರು ೨೦೦ ಗ್ರಾಂ. ಎರಡನೆಯದು ಜೇಬಿನ ಕೆಮರಾ. ಇದು ಸುಮಾರು ೩೦೦ ಗ್ರಾಂ ತೂಗುತ್ತದೆ, ಮಸೂರವನ್ನು ಬಿಚ್ಚಲಾಗುವುದಿಲ್ಲ. ಮೂರನೆಯದು ಒಳಗೆ ಕನ್ನಡಿಯಿಲ್ಲದ, ಮಸೂರವನ್ನು ಬದಲಿಸಬಹುದಾದ ಮಿರರ್‌ಲೆಸ್ ಕೆಮರಾ. ಈ ಜಾತಿಯು ೨೦೦೮ರಿಂದ ಪ್ರಚಾರಕ್ಕೆ ಬಂದಿತು; ಇದರಲ್ಲಿ ಚಿಕ್ಕವು ಮಸೂರಸಹಿತ ಅರ್ಧ ಕಿಲೋಗ್ರಾಮಿನಷ್ಟು ತೂಗುತ್ತವೆ. ನಾಲ್ಕನೆಯದು ಒಳಗೆ ಕನ್ನಡಿಯುಳ್ಳ ಡಿಎಸ್‌ಎಲ್‌ಆರ್. ಇದರಲ್ಲಿ ದೊಡ್ಡ ಜಾತಿಯವು ದಪ್ಪ ಮಸೂರದೊಡನೆ ಒಂದೂವರೆ ಕಿಲೋಗ್ರಾಮನ್ನೂ ಮೀರುವುದುಂಟು.

ಇವುಗಳಲ್ಲಿ ಯಾವುದು ಉತ್ತಮವೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾರ ಕೈ, ಯಾರ ಕಣ್ಣು, ಯಾವ ಕೆಲಸ, ಎಂಬುದನ್ನು ಕೇಳಿಕೊಂಡ ಮೇಲೆಯೇ ಉತ್ತರ ಹೊಳೆಯುವುದು.

೩. ತೂಕದ ಪರೀಕ್ಷೆ

ಅಂಗಡಿಯಲ್ಲಿ ಎರಡು ನಿಮಿಷ ಹಿಡಿದ ಕೆಮರಾವು ಹಗುರವಾಗಿಯೇ ತೋರುವುದು. ಮದುವೆಯ ಮನೆಯಲ್ಲಿಯೋ ಪ್ರವಾಸದಲ್ಲಿಯೋ ಐದು ತಾಸು ಹೆಗಲಿಗೆ ತೂಗಿದಾಗಲೇ ಅದರ ನಿಜವಾದ ಭಾರ ತಿಳಿಯುವುದು. ಇದಕ್ಕೆ ಖರ್ಚಿಲ್ಲದ ಪರೀಕ್ಷೆಯೊಂದುಂಟು. ಒಂದು ಲೀಟರು ನೀರು ಒಂದು ಕಿಲೋಗ್ರಾಂ ತೂಗುತ್ತದೆಂದು ಶಾಲೆಯಲ್ಲಿ ಕಲಿತಿದ್ದೇವಷ್ಟೆ. ಒಂದು ದಿನ ಲೀಟರಿನ ಸೀಸೆಯನ್ನೂ, ಮರುದಿನ ಅರ್ಧ ಲೀಟರಿನ ಸೀಸೆಯನ್ನೂ ತುಂಬಿ, ನಿತ್ಯ ಒಯ್ಯುವ ಚೀಲದಲ್ಲಿಟ್ಟುಕೊಂಡು ಪೇಟೆಗೆ ಹೋಗಿ ಬನ್ನಿರಿ. ಯಾವ ದಿನ ಚೀಲದ ನೆನಪೇ ಬರಲಿಲ್ಲವೋ ಅದೇ ನಿಮಗೆ ತಕ್ಕ ತೂಕ. ವಿಚಾರಿಸುವಾಗ ಮಸೂರ, ಬ್ಯಾಟರಿ, ಕಾರ್ಡು ಎಲ್ಲವೂ ಸೇರಿದ ತೂಕವನ್ನು ಕೇಳತಕ್ಕದ್ದು. ಬರಿಯ ಒಡಲಿನ ತೂಕವನ್ನು ಕೇಳಿ ಮೋಸಹೋಗಬಾರದು.

ಆದರೆ ಹಗುರವಾದಷ್ಟೂ ಒಳ್ಳೆಯದೆಂದು ತಿಳಿಯುವುದೂ ಸರಿಯಲ್ಲ. ತೀರ ಹಗುರವಾದ ಕೆಮರಾವು ಗುಂಡಿಯನ್ನೊತ್ತುವ ಬೆರಳಿನ ಬಲಕ್ಕೇ ಅಲುಗುವುದು. ಮಸೂರವು ಉದ್ದವಾಗಿ ಒಡಲು ಚಿಕ್ಕದಾಗಿದ್ದರೆ ಭಾರವೆಲ್ಲ ಮುಂದಕ್ಕೆ ವಾಲಿ ಮಣಿಕಟ್ಟನ್ನು ನೋಯಿಸುವುದು. ತೂಕ ಅಲ್ಪವಾಗಿದ್ದರೆ ಸಾಲದು, ಅದು ಎರಡು ಕೈಗಳಲ್ಲಿ ಸಮವಾಗಿ ಹಂಚಿಕೆಯಾಗಬೇಕು. ಕೊರಳನ್ನು ಕೊಯ್ಯುವಂಥ ಕಿರಿದಾದ ಪಟ್ಟಿಯಿದ್ದರೆ ಅಗಲವಾದುದನ್ನು ಹಾಕಿಸಿಕೊಂಡು, ಕೊರಳಿಗೆ ನೇತುಹಾಕದೆ ಹೆಗಲಿನಿಂದ ಅಡ್ಡಲಾಗಿ ಧರಿಸುವುದು ಸುಖಕರ.

೪. ಹಿಡಿತದ ಪರೀಕ್ಷೆ

ಬಲಗೈಯಲ್ಲಿ ಕೆಮರಾವನ್ನು ಹಿಡಿಯಿರಿ. ಮಧ್ಯದ ಬೆರಳು, ಉಂಗುರದ ಬೆರಳು, ಕಿರುಬೆರಳು ಈ ಮೂರೂ ಹಿಡಿಯ ಮೇಲೆ ಕುಳಿತುಕೊಳ್ಳಬೇಕು. ಕಿರುಬೆರಳಿಗೆ ಸ್ಥಳವಿಲ್ಲದೆ ಕೆಳಗೆ ಜೋತುಬಿದ್ದರೆ ಕೈ ಬೇಗನೆ ಸೋಲುವುದು. ತೋರುಬೆರಳು ಹಿಡಿತವನ್ನು ಸಡಿಲಿಸದೆಯೇ ಗುಂಡಿಯನ್ನು ಮುಟ್ಟಬೇಕು. ಹೆಬ್ಬೆರಳು ಹಿಂಭಾಗದಲ್ಲಿ ವಿಶ್ರಮಿಸಿದಾಗ ಯಾವ ಗುಂಡಿಯೂ ತಾನಾಗಿ ಒತ್ತಿಹೋಗಬಾರದು. ಎಡಗೈಯ ಅಂಗೈಯು ಮಸೂರವನ್ನು ಕೆಳಗಿನಿಂದ ಹೊರಬೇಕು. ಎರಡು ಮೊಣಕೈಗಳನ್ನೂ ಪಕ್ಕೆಗಳಿಗೆ ಒತ್ತಿಕೊಂಡು, ಉಸಿರನ್ನು ಮೆಲ್ಲನೆ ಬಿಡುತ್ತ ಗುಂಡಿಯನ್ನು ಹಿಂಡಿದರೆ ಚಿತ್ರವು ಅಲುಗುವುದಿಲ್ಲ.

ಪ್ರಾಯದ ಹುಡುಗಿಯ ಕೈಗೂ ಅಜ್ಜಿಯ ಕೈಗೂ ಅಂತರವುಂಟು. ಬೆರಳ ಸಂದುಗಳಲ್ಲಿ ನೋವುಳ್ಳವರಿಗೆ ಜೇಬಿನ ಕೆಮರಾದ ಸಾಸಿವೆಕಾಳಿನಂಥ ಗುಂಡಿಗಳು ಕಷ್ಟವನ್ನುಂಟುಮಾಡುವುವು. ಅಂಥವರಿಗೆ ತುಸು ದಪ್ಪ ಹಿಡಿಯೂ ದೊಡ್ಡ ಗುಂಡಿಗಳೂ ಉಳ್ಳ ಕೆಮರಾವೇ ಹಿತ. ಅಂಗಡಿಗೆ ಹೋಗುವಾಗ ನೀವು ನಿತ್ಯವೂ ತೊಡುವ ಬಳೆ, ಉಂಗುರಗಳನ್ನು ತೊಟ್ಟುಕೊಂಡೇ ಹೋಗಿರಿ. ಬಳೆಯು ಕೆಮರಾಕ್ಕೆ ತಗಲುವುದೋ, ಉಗುರು ಗುಂಡಿಗೆ ಅಡ್ಡಬರುವುದೋ ಎಂಬುದು ಅಲ್ಲಿಯೇ ತಿಳಿಯಲಿ.

೫. ಕಣ್ಣಿನ ಪರೀಕ್ಷೆ

ನಲವತ್ತು ದಾಟಿದವರಿಗೆ ಹತ್ತಿರದ ವಸ್ತುಗಳು ಮಸುಕಾಗಿ ಕಾಣುವುದು ಸಹಜ. ಕೆಮರಾದ ಹಿಂಬದಿಯ ಪರದೆಯನ್ನು ನೋಡಲು ಅವರು ಕನ್ನಡಕವನ್ನು ಹುಡುಕಬೇಕಾಗುವುದು. ಅಷ್ಟರಲ್ಲಿ ನೋಟವು ಕಳೆದುಹೋಗುವುದು. ಮೇಲಾಗಿ ನಮ್ಮ ನಾಡಿನ ಮಧ್ಯಾಹ್ನದ ಬಿಸಿಲಿನಲ್ಲಿ ಪರದೆಯ ಮೇಲೆ ಏನೂ ಸರಿಯಾಗಿ ಕಾಣದು. ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್, ಉಳ್ಳ ಕೆಮರಾವು ಇಂಥವರಿಗೆ ಬಹಳ ಅನುಕೂಲ. ಆ ಕಿಂಡಿಯ ಪಕ್ಕದಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ತಿರುಗಣೆಯಿರುವುದು. ಅದನ್ನು ತಿರುಗಿಸಿ, ಒಳಗಿನ ಅಕ್ಷರಗಳು ನಿಮ್ಮ ಕಣ್ಣಿಗೆ ಸ್ಪಷ್ಟವಾಗುವಂತೆ ಹೊಂದಿಸಿಕೊಳ್ಳಬಹುದು. ಈ ತಿರುಗಣೆಯ ಪರಿಚಯವಿಲ್ಲದೆ, ಕೆಮರಾವೇ ಕೆಟ್ಟಿದೆಯೆಂದು ತಿಳಿಯುವವರೂ ಉಂಟು. ಕನ್ನಡಕವನ್ನು ಧರಿಸಿಯೇ ನೋಡುವವರು ಕಿಂಡಿಯ ನಾಲ್ಕು ಮೂಲೆಗಳೂ ಒಮ್ಮೆಗೇ ಕಾಣುವುವೋ ಎಂದು ಪರೀಕ್ಷಿಸಬೇಕು. ಎಡಗಣ್ಣಿನಿಂದ ನೋಡುವ ಅಭ್ಯಾಸವುಳ್ಳವರ ಮೂಗು ಹಿಂಬದಿಯ ಸ್ಪರ್ಶಪರದೆಗೆ ತಗಲಿ ಏನಾದರೊಂದನ್ನು ಬದಲಿಸಿಬಿಡಬಹುದು, ಅದನ್ನೂ ನೋಡಿಕೊಳ್ಳಬೇಕು.

ಇನ್ನೊಂದು ಅನುಕೂಲವನ್ನು ವಿಶೇಷವಾಗಿ ಹೇಳಬೇಕಾಗಿದೆ. ಕೆಲವು ಕೆಮರಾಗಳ ಪರದೆಯನ್ನು ಮೇಲ್ಮುಖವಾಗಿ ಮಡಿಸಬಹುದು. ಆಗ ಕೆಮರಾವನ್ನು ಎದೆಯ ಮಟ್ಟದಲ್ಲಿಯೋ ಸೊಂಟದ ಮಟ್ಟದಲ್ಲಿಯೋ ಹಿಡಿದು, ಬಗ್ಗಿ ನೋಡುತ್ತ ಚಿತ್ರ ತೆಗೆಯಲು ಸಾಧ್ಯ. ಇದು ಹೊಸದಲ್ಲ. ೧೯೨೯ರಲ್ಲಿ ಜರ್ಮನಿಯಲ್ಲಿ ತಯಾರಾದ ರೋಲಿಫ್ಲೆಕ್ಸ್ ಕೆಮರಾದಲ್ಲಿ ಮೇಲೊಂದು ಕೆಳಗೊಂದು ಮಸೂರಗಳಿದ್ದು, ಮೇಲಿನ ಮಸೂರದ ಬಿಂಬವನ್ನು ನೆತ್ತಿಯ ಮೇಲಿನ ಗಾಜಿನಲ್ಲಿ ನೋಡಬೇಕಾಗಿತ್ತು. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾಛಾಯಾಗ್ರಾಹಕಿಯೆಂದು ಹೆಸರಾದ ಹೋಮಾಯಿ ವ್ಯಾರಾವಾಲಾ ಅವರು ಬಳಸಿದ ಕೆಮರಾಗಳಲ್ಲಿ ಅದೂ ಒಂದು. ೧೯೧೩ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದ ಅವರು ೧೯೪೨ರಲ್ಲಿ ದೆಹಲಿಗೆ ಬಂದು, ಸೀರೆಯುಟ್ಟು, ಸೈಕಲ್ಲಿನ ಮೇಲೆ ಸಾಮಗ್ರಿಗಳನ್ನು ಹೇರಿಕೊಂಡು ತಿರುಗಿ, ಸ್ವಾತಂತ್ರ್ಯ ಬಂದ ದಿನಗಳ ಚಿತ್ರಗಳನ್ನು ನಾಡಿಗೆ ಉಳಿಸಿಕೊಟ್ಟರು. ೨೦೧೧ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ಲಭಿಸಿತು. ೨೦೧೨ರಲ್ಲಿ ಅವರು ನಿಧನರಾದರು.

ಎದೆಯ ಮಟ್ಟದಲ್ಲಿ ಹಿಡಿದ ಕೆಮರಾದಿಂದ ಎರಡು ಲಾಭಗಳು. ತೋಳುಗಳು ಮೈಗೆ ಆತುಕೊಂಡಿರುವುದರಿಂದ ದಣಿವಾಗದು. ಚಿಕ್ಕ ಮಕ್ಕಳನ್ನು ಮೇಲಿನಿಂದ ನೋಡದೆ ಅವರ ಕಣ್ಣಿನ ಎತ್ತರದಿಂದಲೇ ಚಿತ್ರಿಸಬಹುದು. ಮೊಣಕಾಲು ನೋವಿನಿಂದ ಕುಕ್ಕರಿಸಿ ಕೂರಲಾರದ ಅಜ್ಜಿಯರಿಗೆ ಇದು ಎಷ್ಟು ಉಪಕಾರವೆಂಬುದನ್ನು ವಿವರಿಸಬೇಕಾಗಿಲ್ಲ.

೬. ಗುಂಡಿಗಳ ಪರೀಕ್ಷೆ

ಗುಂಡಿಗಳು ಹೆಚ್ಚಾದಷ್ಟೂ ಕೆಮರಾ ದೊಡ್ಡದೆಂಬ ಭ್ರಮೆ ಬೇಡ. ಅಂಗಡಿಯವರು ಒಮ್ಮೆ ತೋರಿಸಿಕೊಟ್ಟ ಬಳಿಕ, ಅವರ ಸಹಾಯವಿಲ್ಲದೆ ಈ ನಾಲ್ಕು ಕೆಲಸಗಳನ್ನು ನೀವೇ ಮಾಡಿ ನೋಡಿರಿ. ಕೆಮರಾವನ್ನು ಚಾಲೂ ಮಾಡಿ ತಡವಿಲ್ಲದೆ ಒಂದು ಚಿತ್ರ ತೆಗೆಯುವುದು, ತೆಗೆದ ಚಿತ್ರವನ್ನು ಹಿಗ್ಗಿಸಿ ನೋಡುವುದು, ಮಿಂಚುದೀಪವನ್ನು ನಿಲ್ಲಿಸುವುದು, ಚಿತ್ರವು ಕಪ್ಪಾಗಿ ಬಂದರೆ ಬೆಳಕನ್ನು ತುಸು ಹೆಚ್ಚಿಸುವುದು. ಈ ನಾಲ್ಕರಲ್ಲಿ ಯಾವುದಕ್ಕಾದರೂ ಪಟ್ಟಿಯೊಳಗೆ ಪಟ್ಟಿಯನ್ನು ತೆರೆಯುತ್ತ ಅಲೆಯಬೇಕಾದರೆ, ಆ ಕೆಮರಾವನ್ನು ಅಲ್ಲಿಯೇ ಬಿಡುವುದು ಲೇಸು.

ಕೆಮರಾವು ತಾನೇ ಎಲ್ಲವನ್ನೂ ನಿರ್ಧರಿಸುವ ವ್ಯವಸ್ಥೆಯನ್ನು ಬಳಸುವುದರಲ್ಲಿ ಅವಮಾನವೇನೂ ಇಲ್ಲ. ಮೊದಲ ತಿಂಗಳು ಹಾಗೆಯೇ ಬಳಸಿ, ಎಲ್ಲಿ ನಿಂತರೆ ಬೆಳಕು ಚೆನ್ನ, ಎಷ್ಟು ಹತ್ತಿರ ಹೋದರೆ ಮುಖವು ಚೆನ್ನ ಎಂಬುದನ್ನು ಕಲಿಯಲಿ. ಅನಂತರ ಒಂದೊಂದಾಗಿ ಉಳಿದವನ್ನು ಕಲಿಯಬಹುದು. ಆದುದರಿಂದ ಹುಡುಗಿಯರಿಗೆ ಕೊಳ್ಳುವಾಗ, ಇಂದು ಸುಲಭವಾಗಿದ್ದು, ನಾಳೆ ತಾವೇ ಬೆಳಕನ್ನೂ ವೇಗವನ್ನೂ ನಿಗದಿಮಾಡಲು ಅವಕಾಶವುಳ್ಳ ಕೆಮರಾವನ್ನು ಆರಿಸುವುದು ಜಾಣತನ.

೭. ಸಂಖ್ಯೆಗಳ ಮೋಹ

ಮೆಗಾಪಿಕ್ಸೆಲ್ ಎಂಬ ಸಂಖ್ಯೆಯನ್ನು ತೋರಿಸಿ ಕೆಮರಾ ಮಾರುವುದು ವಾಡಿಕೆ. ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕೆಗಳು. ಇದರ ಲೆಕ್ಕವನ್ನು ನಾವೇ ಮಾಡಿ ನೋಡೋಣ. ಅಂಗುಲವೊಂದಕ್ಕೆ ೩೦೦ ಚುಕ್ಕೆಗಳಿದ್ದರೆ ಕಾಗದದ ಮೇಲಿನ ಚಿತ್ರವು ಬಹಳ ನಯವಾಗಿ ಕಾಣುವುದು. ಸಂಪುಟದಲ್ಲಿ ಅಂಟಿಸುವ ೬ ಅಂಗುಲ ಉದ್ದ, ೪ ಅಂಗುಲ ಅಗಲದ ಚಿತ್ರಕ್ಕೆ ೧೮೦೦ನ್ನು ೧೨೦೦ರಿಂದ ಗುಣಿಸಿದರೆ ೨೧,೬೦,೦೦೦ ಚುಕ್ಕೆಗಳು. ಅಂದರೆ ಎರಡು ಮೆಗಾಪಿಕ್ಸೆಲ್‌ಗಿಂತ ತುಸು ಹೆಚ್ಚು. ಗೋಡೆಗೆ ಹಾಕುವ ೧೨ ಅಂಗುಲ ಉದ್ದ, ೮ ಅಂಗುಲ ಅಗಲದ ಚಿತ್ರಕ್ಕೆ ೮೬,೪೦,೦೦೦. ಒಂಬತ್ತು ಮೆಗಾಪಿಕ್ಸೆಲ್‌ಗೂ ಕಡಿಮೆ. ಈಗಿನ ಸಾಮಾನ್ಯ ಕೆಮರಾಗಳಲ್ಲಿಯೇ ೨೪ ಮೆಗಾಪಿಕ್ಸೆಲ್ ಇರುವಾಗ, ಇನ್ನೂ ಹೆಚ್ಚಿನ ಸಂಖ್ಯೆಗಾಗಿ ಮನೆಯವರು ಹಣ ಸುರಿಯುವುದು ವ್ಯರ್ಥ. ಅದೇ ಹಣದಿಂದ ಇನ್ನೊಂದು ಬ್ಯಾಟರಿಯನ್ನು ಕೊಂಡಿಟ್ಟುಕೊಂಡರೆ, ನಿಷೇಕದ ಮನೆಯಲ್ಲಿಯೋ ಶಾಲೆಯ ವಾರ್ಷಿಕೋತ್ಸವದಲ್ಲಿಯೋ ನಡುವೆ ಕೆಮರಾ ಕಣ್ಣು ಮುಚ್ಚುವ ಪ್ರಸಂಗ ಬಾರದು.

೮. ಫೋನು ಸಾಲದೆ?

ಫೋನೇ ಇರುವಾಗ ಬೇರೆ ಕೆಮರಾ ಏಕೆಂದು ಕೇಳುವವರುಂಟು. ಪ್ರಶ್ನೆಯು ನ್ಯಾಯವಾದುದೇ. ಬೆಳಕು ಚೆನ್ನಾಗಿದ್ದು, ಚಿತ್ರಿಸಬೇಕಾದವರು ಹತ್ತಿರವಿದ್ದರೆ ಒಳ್ಳೆಯ ಫೋನು ಧಾರಾಳವಾಗಿ ಸಾಕು. ಆದರೆ ಸಭಾಂಗಣದ ಹಿಂದಿನ ಸಾಲಿನಿಂದ ವೇದಿಕೆಯ ಮೇಲಿನ ಮಗಳ ಮುಖವನ್ನು ಹಿಡಿಯಬೇಕಾದರೂ, ಮರದ ತುದಿಯ ಹಕ್ಕಿಯನ್ನು ಚಿತ್ರಿಸಬೇಕಾದರೂ ಉದ್ದನೆಯ ಮಸೂರವೇ ಬೇಕು. ಫೋನಿನ ಪರದೆಯನ್ನು ಬೆರಳಿನಿಂದ ಮಿತಿಮೀರಿ ಹಿಗ್ಗಿಸಿದಾಗ ಅದು ಚಿತ್ರದ ನಡುಭಾಗವನ್ನು ಕತ್ತರಿಸಿ ದೊಡ್ಡದು ಮಾಡುವುದೇ ಹೊರತು, ದೂರದ ವಿವರವನ್ನು ಹೊಸದಾಗಿ ತರುವುದಿಲ್ಲ.

ಫೋನನ್ನೇ ಬಳಸುವವರು ಅದನ್ನೂ ಕೈಗೆ ಒಗ್ಗಿಸಿಕೊಳ್ಳಬಹುದು. ನುಣುಪಾದ ಹಲಗೆಯಂತಿರುವುದರಿಂದ ಜಾರದ ಕವಚವನ್ನೂ ಮಣಿಕಟ್ಟಿನ ದಾರವನ್ನೂ ಹಾಕಿಸಿಕೊಳ್ಳಬೇಕು. ವಯಸ್ಸಾದವರ ಒಣಗಿದ ಬೆರಳಿಗೆ ಸ್ಪರ್ಶಪರದೆಯು ಎಷ್ಟೋ ಸಾರಿ ಓಗೊಡದು. ಅನೇಕ ಫೋನುಗಳಲ್ಲಿ ಪಕ್ಕದ ಧ್ವನಿಯ ಗುಂಡಿಯನ್ನೊತ್ತಿದರೂ ಚಿತ್ರ ಬೀಳುವುದೆಂಬುದನ್ನು ಅವರಿಗೆ ಕಲಿಸಿಕೊಡುವುದು ಮೊಮ್ಮಕ್ಕಳ ಕರ್ತವ್ಯ.

೯. ಕಡೆಯ ಮಾತು

ಪೋಷಕರಲ್ಲಿ ಒಂದು ವಿಜ್ಞಾಪನೆ. ಕೆಮರಾವನ್ನು ಗುಟ್ಟಾಗಿ ಕೊಂಡು ತಂದು ಮಗಳನ್ನು ಬೆರಗುಗೊಳಿಸುವ ಆಸೆಯನ್ನು ಬಿಟ್ಟು, ಆಕೆಯನ್ನೇ ಅಂಗಡಿಗೆ ಕರೆದುಕೊಂಡು ಹೋಗಿರಿ. ಬೇರೆ ಬೇರೆ ಜಾತಿಯ ಮೂರು ಕೆಮರಾಗಳನ್ನು ಆಕೆಯ ಕೈಗೆ ಕೊಡಿಸಿ, ಒಂದೊಂದನ್ನೂ ಹತ್ತು ನಿಮಿಷ ಹಿಡಿದು ನೋಡಲಿ. ನಡುವೆ ಮಾತನಾಡಬೇಡಿರಿ. ಯಾವುದನ್ನು ಆಕೆಯು ಕೆಳಗಿಡಲು ಮನಸ್ಸಿಲ್ಲದೆ ಹಿಡಿದುಕೊಂಡೇ ನಿಲ್ಲುವಳೋ, ಅದು ಬೆಲೆಯಲ್ಲಿ ಚಿಕ್ಕದಾದರೂ ಅದನ್ನೇ ಕೊಡಿಸಿರಿ. ತಾಯಿಗಾಗಿ ಕೊಳ್ಳುವ ಮಕ್ಕಳಿಗೂ ಇದೇ ಮಾತು. ಕೆಮರನ್ ತನ್ನ ೪೮ನೆಯ ವಯಸ್ಸಿನಲ್ಲಿ ಮಗಳ ಕಾಣಿಕೆಯಿಂದ ಕಲಿಯತೊಡಗಿದಳೆಂಬುದನ್ನು ಮರೆಯಬಾರದು.

ಸೋದರಿಯರೇ, ಕೊಂಡ ಕೆಮರಾವನ್ನು ಬೀರುವಿನೊಳಗಿಡದೆ, ಮನೆಯಲ್ಲಿ ಓಡಾಡುವಾಗ ಕೈಗೆ ಸಿಗುವಂತೆ, ಆದರೆ ತೇವ ತಗಲದಂತೆ ಇಟ್ಟುಕೊಳ್ಳಿರಿ. ತೆಗೆದ ಚಿತ್ರಗಳ ಪ್ರತಿಯನ್ನು ಎರಡು ಕಡೆಗಳಲ್ಲಿ ಕಾಪಾಡಿ, ವರ್ಷಕ್ಕೆ ಹತ್ತನ್ನಾದರೂ ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಊರು, ದಿನ, ಇದ್ದವರ ಹೆಸರುಗಳನ್ನು ಬರೆದಿಡಿರಿ. ಚಿತ್ರ ತೆಗೆದವರ ಹೆಸರನ್ನೂ ಬರೆಯಲು ಸಂಕೋಚಪಡಬೇಡಿರಿ. ಮುಂದೆ ಎಂದಾದರೂ ಆ ಸಂಪುಟವನ್ನು ತೆರೆಯುವ ಮೊಮ್ಮಗಳಿಗೆ, ಅಜ್ಜಿಯು ಹೇಗಿದ್ದಳೆಂಬುದರ ಜೊತೆಗೆ ಅಜ್ಜಿಯು ಏನನ್ನು ನೋಡುತ್ತಿದ್ದಳೆಂಬುದೂ ತಿಳಿಯಲಿ.